ಶಾಲು ಬೇಡ ಎಂದವರು

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದಂತೆ. ಆಯ್ತು, ಮಾತಾಡುವುದಿಲ್ಲ. ಬದುಕಿರುವವರ ಬಗ್ಗೆ ಮಾತಾಡಬಾರದು ಅಂತ ಯಾರೂ ಹೇಳಿಲ್ಲವಲ್ಲ, ಹಾಗಾಗಿ ಅವರಿಂದಲೇ ಶುರು ಮಾಡುತ್ತೇನೆ.

ಹೋದ ತಿಂಗಳು ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಮೇಡಂ ಅವರಿಗೆ ಶ್ರದ್ಧಾಂಜಲಿ ಸಭೆ ಇಟ್ಟಿದ್ದರು. ಮೇಡಂ ಅಂದರೆ ಮುಂಬಯಿಯ ಒಂದು ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದವರು, ಬಿಜಾಪುರದ ಕಡೆಯವರು, ಐರೋಲಿಯ ಫ್ಲ್ಯಾಟಿನಲ್ಲಿ ಒಬ್ಬರೇ ಇದ್ದವರು. ನಮ್ಮ ಅಧ್ಯಕ್ಷರು ಮೈಕಿನ ಮುಂದೆ ನಿಂತು ಅವರನ್ನು ಮೃದುಭಾಷಿ ಎಂದರು. ನನಗೆ ಆ ದುಃಖದಲ್ಲೂ ನಗು ಬಂತು. ಮೇಡಂ ಬಾಯಿಗೆ ಸಿಕ್ಕಿ ಬೈಸಿಕೊಳ್ಳದವರು ಆ ಹಾಲಿನಲ್ಲಿ ಒಬ್ಬರೂ ಇರಲಿಲ್ಲ, ಅಧ್ಯಕ್ಷರೇ ಮೂರು ಸಲ ಬೈಸಿಕೊಂಡವರು. ಆಮೇಲೆ ಅವರು ಇನ್ನೊಂದು ಮಾತು ಹೇಳಿದರು. ಕಳಂಬೋಲಿಯ ಒಬ್ಬ ಬಡ ಹಾಡುಗಾರನಿಗೆ ಸರಕಾರದಿಂದ ಕಲಾವಿದರ ಮಾಸಾಶನ ಸಿಕ್ಕಿದ್ದು ನಮ್ಮ ಸಂಘ ಕೊಟ್ಟ ಪ್ರಮಾಣಪತ್ರದಿಂದಲಂತೆ, ಮೇಡಂ ಮತ್ತು ಸಂಘದ ನಡುವಿನ ಬಾಂಧವ್ಯಕ್ಕೆ ಅದೇ ಸಾಕ್ಷಿಯಂತೆ. ಜನ ಚಪ್ಪಾಳೆ ತಟ್ಟಿದರು. ಶ್ರದ್ಧಾಂಜಲಿ ಸಭೆಯಲ್ಲಿ ಚಪ್ಪಾಳೆ, ಕೇಳಿದ್ದೀರಾ ಎಲ್ಲಿಯಾದರೂ? ನನ್ನ ಮೈಯೆಲ್ಲ ಉರಿದುಹೋಯಿತು. ಎರಡು ಮಾತಾಡುತ್ತೇನೆ ಅಂತ ಎದ್ದು ಹೋದರೆ, ಸಮಯದ ಅಭಾವ ಉಂಟು, ನಿಮ್ಮ ಭಾವನೆ ನಮಗೆ ಅರ್ಥವಾಗುತ್ತದೆ ಅಂತ ಕೈಮುಗಿದು ಕಳಿಸಿದರು. ಅರ್ಥವಾಗುವುದಂತೆ! ಅರ್ಥವಾಗಿದ್ದರೆ ನನ್ನನ್ನು ಆ ಮೈಕಿನ ಹತ್ತು ಅಡಿ ದೂರಕ್ಕೂ ಬಿಡುತ್ತಿರಲಿಲ್ಲ.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಥಾಣೆಯ ಟೆಲಿಫೋನ್ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದವಳು. ಹುಟ್ಟಿದ್ದು ಉಡುಪಿಯ ಹತ್ತಿರ, ಮದುವೆಯಾಗಿ ಡೊಂಬಿವಲಿ ಪೂರ್ವಕ್ಕೆ ಬಂದೆ. ಸಂಘದ ಮಹಿಳಾ ವಿಭಾಗದಲ್ಲಿ ಹದಿನೇಳು ವರ್ಷ ಇದ್ದೆ, ಹೆಸರಿಗೆ ಕಾರ್ಯಾಧ್ಯಕ್ಷೆ. ಅಲ್ಲಿ ನನ್ನ ಕೆಲಸ ಏನು ಅಂತ ಕೇಳಿದರೆ, ತಟ್ಟೆ ಹಿಡಿಯುವುದು. ವಾರ್ಷಿಕೋತ್ಸವದಲ್ಲಿ ಗಣ್ಯರಿಗೆ ಸನ್ಮಾನ ಮಾಡುತ್ತಾರಲ್ಲ, ಆಗ ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ ಎಲ್ಲ ಜೋಡಿಸಿದ ತಟ್ಟೆ ಹಿಡಿದು ರೇಷ್ಮೆ ಸೀರೆಯಲ್ಲಿ ಪಕ್ಕದಲ್ಲಿ ನಿಲ್ಲುವವಳು ನಾನು. ಶಾಲು ಹೊದೆಸುವಾಗ ಫೋಟೋದವನಿಗೆ ಫೋಟೋ ತಪ್ಪಿಹೋದರೆ ಅದನ್ನು ತೆಗೆದು ಮಡಚಿ ಮತ್ತೆ ಹೊದೆಸುತ್ತಾರೆ. ಆ ಮಡಚುವುದೂ ನನ್ನದೇ ಕೆಲಸ.

ಮೇಡಂ ಅವರನ್ನು ಮೊದಲು ನೋಡಿದ್ದು ಅಂಥ ಒಂದು ಸಮಾರಂಭದಲ್ಲಿ, ಎರಡು ಸಾವಿರದ ಮೂರೋ ನಾಲ್ಕೋ ಇಸವಿ. ಮೂರನೇ ಸಾಲಿನಲ್ಲಿ ಗಿಡ್ಡಗಿನ ಒಬ್ಬರು ಹೆಂಗಸು, ಕಾಟನ್ ಸೀರೆ, ಕಾಲಿಗೆ ಗಂಡಸರ ಚಪ್ಪಲಿ, ಕೈಯಲ್ಲಿ ನೋಟುಬುಕ್ಕು. ನಾಟಕ ನಡೆಯುವಾಗ ಸುಮ್ಮನೆ ನೋಡುತ್ತಿದ್ದರು. ಸನ್ಮಾನ ಶುರುವಾದ ಕೂಡಲೇ ಗಡಿಯಾರ ನೋಡಿಕೊಂಡು ಬರೆಯಲು ಶುರು ಮಾಡಿದರು. ಯಾರೋ ಪತ್ರಿಕೆಯವರು ಅಂದುಕೊಂಡೆ. ಮುಗಿದ ಮೇಲೆ ಸೀದಾ ನನ್ನ ಹತ್ತಿರ ಬಂದರು.

"ಹನ್ನೊಂದು ಮಂದಿಗೆ ಶಾಲು ಹೊಚ್ಚಿದ್ರಲ್ರಿ, ಹನ್ನೊಂದು ಸಲಾನೂ ತಟ್ಟಿ ಹಿಡದಾಕಿ ನೀವ. ನಿಮ್ಮ ಹೆಸರ ಯಾರರ ಮೈಕಿನ್ಯಾಗ ಹೇಳಿದ್ರೇನು?"

ನನಗೆ ಸಿಟ್ಟು ಬಂತು. ನಾವು ಹೆಸರಿಗಾಗಿ ಸೇವೆ ಮಾಡುವವರಲ್ಲ ಅಂತ ಹೇಳಿದೆ. ಹಾಗಂತ ನಿಮಗೆ ಯಾರು ಕಲಿಸಿದರು ಅಂತ ಕೇಳಿದರು. ಮನೆಗೆ ಹೋಗುವ ರಿಕ್ಷಾದಲ್ಲಿ ಏನೂ ತಪ್ಪು ಮಾಡದ ಗಂಡನ ಮೇಲೆ ರೇಗಿದೆ.

ಅವರು ಕಲಿಸುತ್ತಿದ್ದ ವಿಷಯದ ಹೆಸರು ಪರ್ಫಾರ್ಮೆನ್ಸ್ ಸ್ಟಡೀಸ್ ಮತ್ತು ಪಾಪ್ಯುಲರ್ ಕಲ್ಚರ್. ನಮ್ಮ ಸಂಘದಲ್ಲಿ ಯಾರಿಗೂ ಅದನ್ನು ಕನ್ನಡದಲ್ಲಿ ಹೇಳಲು ಬರಲಿಲ್ಲ. ಒಬ್ಬರು ನಾಟಕದ ಪ್ರೊಫೆಸರ್ ಎಂದರು, ಇನ್ನೊಬ್ಬರು ಡ್ಯಾನ್ಸ್ ಟೀಚರ್ ಎಂದರು. ನಾನೇ ಒಮ್ಮೆ ಕೇಳಿದಾಗ, ಮಂದಿ ನೋಡಾಕತ್ತಾರ ಅಂತ ಗೊತ್ತಾದ ಮೇಲೆ ಮನುಷ್ಯ ಏನೇನು ಮಾಡುತ್ತಾನೋ ಅದೆಲ್ಲ ನನ್ನ ಸಬ್ಜೆಕ್ಟು ಅಂದರು. ಅದು ನನಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ ಇಬ್ಬರಿಗೂ ಸಲುಗೆ ಬೆಳೆಯಿತು, ಅವರ ಜತೆ ಲೋಕಲ್ ಟ್ರೇನಿನಲ್ಲಿ ಹೋಗುವುದೇ ಒಂದು ಪಾಠ. ಲೇಡೀಸ್ ಡಬ್ಬಿಯಲ್ಲಿ ಮೂವರು ಕೂರುವ ಸೀಟಿನಲ್ಲಿ ನಾಲ್ಕನೆಯವಳಿಗೆ ಸ್ವಲ್ಪ ಜಾಗ ಬಿಡುವುದು ನಮ್ಮ ಪದ್ಧತಿ. ಒಮ್ಮೆ ಕಲ್ಯಾಣದಿಂದಲೇ ಕೂತು ಬಂದ ಒಬ್ಬಳು ಜಾಗ ಬಿಡದೆ ಕಣ್ಣು ಮುಚ್ಚಿದ್ದಳು. ಮೇಡಂ ನನ್ನ ಕಿವಿಯಲ್ಲಿ, ಆಕಿ ನಿದ್ದಿ ಮಾಡಾಕತ್ತಿಲ್ಲ, ನಿದ್ದಿ ಮಾಡಿದಂಗ ಮಾಡಾಕತ್ತಾಳ, ಬಳಿ ಹಿಡಕೊಂಡ ಕೈ ನೋಡ್ರಿ ಅಂದರು. ನೋಡಿದರೆ ಹೌದು, ಬಳೆಯ ಮೇಲೆ ಬೆರಳು ಬಿಗಿಯಾಗಿತ್ತು. ಇದನ್ನೇ ವಿದ್ಯಾರ್ಥಿಗಳಿಂದ ಬರೆಸುತ್ತಿದ್ದರು. ಅವರ ಡಿಪಾರ್ಟ್‌ಮೆಂಟಿನಲ್ಲೇ ಕೆಲವರು ಇದೆಂಥ ಪಾಠ ಅಂತ ನಗುತ್ತಿದ್ದರಂತೆ. ನಗಲಿ. ಆ ವಿದ್ಯಾರ್ಥಿಗಳು ಕಣ್ಣು ಬಿಟ್ಟು ನೋಡುವುದನ್ನು ಕಲಿತರು, ನಗುವವರು ಏನು ಕಲಿಸಿದರೋ ದೇವರಿಗೇ ಗೊತ್ತು.

ಮೇಡಂ ಸಿಟ್ಟು ಅಂದರೆ ಸಿಟ್ಟು. ಬೈದು ಐದು ನಿಮಿಷಕ್ಕೆ ಚಾ ಕುಡಿಯೋಣೇನು ಅಂತ ಕೇಳುತ್ತಿದ್ದರು. ಬೈಸಿಕೊಂಡವರು ಇನ್ನೂ ಕಣ್ಣೊರೆಸಿಕೊಳ್ಳುತ್ತಿರುತ್ತಿದ್ದರು. ನಮ್ಮ ಸಮಾರಂಭದ ಲೆಕ್ಕ ತೆಗೆದು ಅಧ್ಯಕ್ಷರ ಎದುರಿಗೇ ಹೇಳಿದ್ದರು: ನಾಟಕವನ್ನು ಅರ್ಧ ಕತ್ತರಿಸಿದಿರಿ, ಸನ್ಮಾನಕ್ಕೆ ಒಂದೂಕಾಲು ತಾಸು ಕೊಟ್ಟಿರಿ, ಹಾಗಾದರೆ ವೇಷ ಹಾಕಿದವರು ಯಾರು, ನೋಡುವವರು ಯಾರು? ಅಧ್ಯಕ್ಷರು ನಕ್ಕಂತೆ ಮಾಡಿದರು. ಆ ಶಾಲು, ಪೇಟ, ಬುಟ್ಟಿ ಎಲ್ಲ ಮೇಡಂ ಕಣ್ಣಿಗೆ ಬರೀ ಢೋಂಗು. ತಮಗೆ ಯಾರಾದರೂ ಹೊದೆಸಲು ಬಂದರೆ ಹಿಂದೆ ಸರಿದು ಕೈ ಅಡ್ಡ ಹಿಡಿಯುತ್ತಿದ್ದರು. ನನಗೆ ಅದು ದೊಡ್ಡ ಗುಣ ಅಂತಲೇ ಅನಿಸುತ್ತಿತ್ತು. ಈಗ ಹಾಗೆ ಅನಿಸುವುದಿಲ್ಲ, ಯಾಕೆ ಅಂತ ಹೇಳುತ್ತೇನೆ.

ಕಳಂಬೋಲಿಯ ಉಕ್ಕಿನ ಮಾರ್ಕೆಟ್ಟಿನಲ್ಲಿ ಹಮಾಲಿ ಮಾಡುವವರಲ್ಲಿ ಕಲಬುರ್ಗಿ, ರಾಯಚೂರು ಕಡೆಯವರು ತುಂಬ ಜನ. ಅವರಲ್ಲಿ ಹುಸೇನಪ್ಪ ಅಂತ ಒಬ್ಬ. ಹಗಲೆಲ್ಲ ಲಾರಿಯಿಂದ ಸರಳು ಇಳಿಸುವ ಕೆಲಸ, ಭಾನುವಾರ ಹಾಡುವ ಕೆಲಸ. ಅವರ ಊರುಗಳಲ್ಲಿ ಮೊಹರಂ ಬಂತೆಂದರೆ ಹಿಂದೂ ಮುಸಲ್ಮಾನ ಎನ್ನದೆ ಎಲ್ಲರೂ ಸೇರಿ ಪದ ಕಟ್ಟಿ ಹಾಡುತ್ತಾರಂತೆ, ಕೈಯಲ್ಲಿ ಕರವಸ್ತ್ರ ಹಿಡಿದು ಸುತ್ತು ನಿಂತು ಹೆಜ್ಜೆ ಹಾಕುತ್ತಾರಂತೆ. ನಮ್ಮ ಕರಾವಳಿಯವರಿಗೆ ಇದೆಲ್ಲ ಗೊತ್ತೇ ಇಲ್ಲ. ಹುಸೇನಪ್ಪ ಅಪ್ಪನಿಂದ ಕಲಿತ ಪದಗಳು ನೂರರ ಮೇಲೆ ಇದ್ದವು, ಎಲ್ಲ ಬಾಯಲ್ಲೇ, ಓದು ಬರಹ ಇಲ್ಲ. ಮೇಡಂ ಎರಡು ವರ್ಷ ಭಾನುವಾರ ಭಾನುವಾರ ಐರೋಲಿಯಿಂದ ಬಸ್ಸು ಹಿಡಿದು ಹೋಗಿ ಆ ಗೋಡೌನುಗಳ ಹಿಂದೆ ಕೂತು ಎಲ್ಲವನ್ನೂ ರೆಕಾರ್ಡ್ ಮಾಡಿದರು. ಹಮಾಲರು ಅವರನ್ನು ಅಕ್ಕೋರು ಅಂತ ಕರೆಯುತ್ತಿದ್ದರು. ಆ ಕಡೆ ಟೀಚರಮ್ಮನಿಗೆ ಹಾಗೆ ಹೇಳುತ್ತಾರೆ.

ಇವರನ್ನು ನಿಮ್ಮ ವಾರ್ಷಿಕೋತ್ಸವದಲ್ಲಿ ಹಾಡಿಸಿ ಅಂತ ಮೇಡಂ ಬೆನ್ನು ಹತ್ತಿದರು. ಕಾರ್ಯಕಾರಿ ಸಮಿತಿಯಲ್ಲಿ ಮೊದಲು ಬಂದ ಪ್ರಶ್ನೆ, ಹುಸೇನಪ್ಪ ಅಂದರೆ ಯಾವ ಜಾತಿ ಅಂತ. ಎರಡನೆಯದು, ಹಮಾಲರು ಬಂದರೆ ಊಟದ ಎಲೆ ಎಷ್ಟು ಹೆಚ್ಚಾಗುತ್ತದೆ ಅಂತ. ನಾನು ಅಲ್ಲೇ ಕೂತಿದ್ದೆ, ಎರಡನ್ನೂ ಕಿವಿಯಾರೆ ಕೇಳಿದ್ದೇನೆ. ಕೊನೆಗೆ ಇಪ್ಪತ್ತು ನಿಮಿಷ ಕೊಟ್ಟರು. ಆಮಂತ್ರಣ ಪತ್ರಿಕೆಯಲ್ಲಿ ಹದಿಮೂರು ಮಂದಿ ಅತಿಥಿಗಳ ಹೆಸರು, ಅವರು ನಡೆಸುವ ಹೋಟೆಲು, ಅವರ ಹುದ್ದೆ ಎಲ್ಲ ಅಚ್ಚಾಯಿತು. ಹುಸೇನಪ್ಪನ ಪಾಲಿಗೆ ಕೊನೆಯ ಸಾಲು: ಮತ್ತು ವಿವಿಧ ಮನರಂಜನಾ ಕಾರ್ಯಕ್ರಮ.

ಆ ದಿನ ಅವರು ಎಂಟು ಮಂದಿ ಬಂದಿದ್ದರು. ಹುಸೇನಪ್ಪ ತಲೆಗೆ ಹೊಸ ಪಟಗ ಸುತ್ತಿದ್ದ, ಅಂಗಿಗೆ ಇಸ್ತ್ರಿ ಮಾಡಿಸಿದ್ದ. ಕಲ್ಯಾಣದ ಅಂಗಡಿಯಿಂದ ಶಾಲು ತರುವುದು ನನ್ನ ಜವಾಬ್ದಾರಿ, ಲೆಕ್ಕ ತಪ್ಪಿ ಒಂದು ಹೆಚ್ಚು ತಂದಿದ್ದೆ. ಹಾಡು ಮುಗಿದ ಮೇಲೆ ಇದನ್ನು ಇವನಿಗೆ ಹೊದೆಸಲಿ ಅಂತ ನನ್ನಷ್ಟಕ್ಕೆ ತಟ್ಟೆ ಜೋಡಿಸಿ ವೇದಿಕೆಯ ಮೆಟ್ಟಿಲಿಗೆ ಬಂದೆ. ಮೇಡಂ ಅಡ್ಡ ಬಂದು ತಟ್ಟೆಯ ಮೇಲೆ ಕೈ ಇಟ್ಟರು.

"ಬ್ಯಾಡ. ಇವರಿಗೆ ಈ ನಾಟಕ ಬ್ಯಾಡ. ಪೂರಾ ಇಪ್ಪತ್ತು ಮಿನಿಟ್ ಹಾಡಲಿ, ಅದ ಸನ್ಮಾನ."

ಹುಸೇನಪ್ಪ ಅವರ ಹಿಂದೆಯೇ ನಿಂತಿದ್ದ. ಅವನು ತಟ್ಟೆಯಲ್ಲಿದ್ದ ಶಾಲು ನೋಡಿದ. ಆಮೇಲೆ ನನ್ನ ಮುಖ ನೋಡಿದ. ಮೇಡಂ ಗಡಿಯಾರ ನೋಡುತ್ತಿದ್ದರು, ಅವರಿಗೆ ಕಾಣಲಿಲ್ಲ. ನನಗೆ ಕಂಡಿತು. ಕಂಡೂ ಬಾಯಿ ಬಿಡಲಿಲ್ಲ, ತಟ್ಟೆ ತೆಗೆದುಕೊಂಡು ಒಳಗೆ ಹೋದೆ. ಪ್ರೊಫೆಸರ್ ಹೇಳಿದ್ದಾರೆ, ಅವರಿಗಿಂತ ನನಗೆ ಹೆಚ್ಚು ಗೊತ್ತುಂಟಾ ಅಂದುಕೊಂಡೆ.

ಹಾಡು ಹೇಗಿತ್ತು ಅಂತ ವರ್ಣಿಸಲು ನನಗೆ ಬರುವುದಿಲ್ಲ. ಹಿಂದಿನ ಸಾಲಿನಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದವರು ತಿನ್ನುವುದು ನಿಲ್ಲಿಸಿದರು, ಅಷ್ಟು ಹೇಳಬಲ್ಲೆ. ಫೋಟೋದವನು ಮಾತ್ರ ಕ್ಯಾಮರಾ ಚೀಲಕ್ಕೆ ಹಾಕಿ ಊಟಕ್ಕೆ ಹೋಗಿದ್ದ. ಸನ್ಮಾನದ್ದು ಮಾತ್ರ ತೆಗೆಯಬೇಕು ಅಂತ ನಮ್ಮವರು ಅವನಿಗೆ ಹೇಳಿಟ್ಟದ್ದು.

ಇದಾಗಿ ಎಂಟು ವರ್ಷಕ್ಕೆ ಹುಸೇನಪ್ಪನ ಬೆನ್ನು ಬಿದ್ದುಹೋಯಿತು, ಸರಳು ಎತ್ತಲು ಆಗದಾಯಿತು. ವಯಸ್ಸಾದ ಕಲಾವಿದರಿಗೆ ಸರಕಾರ ಮಾಸಾಶನ ಕೊಡುತ್ತದೆ ಅಂತ ಯಾರೋ ಹೇಳಿದರಂತೆ, ಊರಿಗೆ ಹೋಗಿ ಅರ್ಜಿ ಹಾಕಿದ. ಕಚೇರಿಯಲ್ಲಿ ನೀನು ಹಾಡುಗಾರ ಅನ್ನುವುದಕ್ಕೆ ಪುರಾವೆ ಏನು ಅಂತ ಕೇಳಿದರು. ಸನ್ಮಾನದ ಫೋಟೋ ತಾ, ಪ್ರಮಾಣಪತ್ರ ತಾ, ಹೆಸರು ಅಚ್ಚಾದ ಆಮಂತ್ರಣ ಪತ್ರಿಕೆ ತಾ. ಐವತ್ತು ವರ್ಷ ಹಾಡಿದವನ ಹತ್ತಿರ ಒಂದು ಚೂರು ಕಾಗದ ಇರಲಿಲ್ಲ. ಅಲ್ಲೇ ಹಾಡಿ ತೋರಿಸುತ್ತೇನೆ ಅಂದನಂತೆ. ಹಾಡನ್ನು ಫೈಲಿಗೆ ಹಚ್ಚಲು ಬರುವುದಿಲ್ಲ ಅಂದನಂತೆ ಅಲ್ಲಿನ ಗುಮಾಸ್ತ. ನಾನೂ ಗುಮಾಸ್ತೆಯೇ, ಅಂಥ ಮಾತು ಹೇಗೆ ಬಾಯಿಗೆ ಬರುತ್ತದೆ ಅಂತ ನನಗೆ ಗೊತ್ತು.

ಮೇಡಂ ತಮ್ಮ ಸಂಶೋಧನಾ ಲೇಖನ ಹಿಡಿದು ತಾವೇ ಆ ಕಚೇರಿಗೆ ಹೋದರು. ವಿದೇಶದ ಪತ್ರಿಕೆಯಲ್ಲಿ ಬಂದದ್ದು, ಮೂವತ್ತು ಪುಟ, ಪೂರ್ತಿ ಹುಸೇನಪ್ಪನ ಹಾಡಿನ ಮೇಲೆ. ಇಂಗ್ಲಿಷಿನಲ್ಲಿತ್ತು. ಗುಮಾಸ್ತ ಬೆರಳಿಟ್ಟು ಹುಡುಕಿ, ಇದರೊಳಗೆ ಹುಸೇನಪ್ಪ ಅನ್ನುವ ಹೆಸರು ಎಲ್ಲುಂಟು ಅಂತ ಕೇಳಿದ. ಇರಲಿಲ್ಲ. ಅವರ ವಿದ್ಯೆಯಲ್ಲಿ ಒಂದು ನಿಯಮ ಉಂಟಂತೆ, ಮಾಹಿತಿ ಕೊಟ್ಟವರಿಗೆ ತೊಂದರೆ ಆಗಬಾರದು ಅಂತ ಅವರ ಹೆಸರು, ಊರು ಎರಡನ್ನೂ ಬದಲಿಸಿ ಬರೆಯುವುದು. ಮೇಡಂ ಶಿಸ್ತಾಗಿ ಬದಲಿಸಿದ್ದರು. ರೆಕಾರ್ಡಿಂಗಿನ ಮೇಲೂ ಹೆಸರಿಲ್ಲ, ಬರೀ ನಂಬರು.

ಅಲ್ಲಿಂದ ವಾಪಸು ಬಂದ ಮರುದಿನವೇ ಮಧ್ಯಾಹ್ನ ಹೊತ್ತಿಗೆ ನಮ್ಮ ಮನೆಗೆ ಬಂದರು. ಚಾ ಮುಟ್ಟಲಿಲ್ಲ. ಎಂದೂ ಇಲ್ಲದ ಸಣ್ಣ ಸ್ವರದಲ್ಲಿ, ನಿಮ್ಮ ಸಂಘದಿಂದ ಒಂದು ಪ್ರಮಾಣಪತ್ರ ಕೊಡಿಸುತ್ತೀರಾ ಅಂದರು. ಇಂಥ ದಿನ ನಮ್ಮ ವೇದಿಕೆಯಲ್ಲಿ ಹಾಡಿದ್ದಾನೆ ಅಂತ ಒಂದೇ ಸಾಲು ಸಾಕು ಅಂದರು.

ನಾನು ಸಮಿತಿಯ ಮುಂದಿಟ್ಟೆ. ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು. ಆಮಂತ್ರಣದಲ್ಲಿ ಹೆಸರಿಲ್ಲ, ವರದಿಯಲ್ಲಿ ಹೆಸರಿಲ್ಲ, ಫೋಟೋ ಇಲ್ಲ, ಹೇಗೆ ಕೊಡುವುದು ಎಂದರು. ನೀವೇ ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದೀರಲ್ಲ ಅಂದೆ. ಕೇಳಿದ್ದು ಬೇರೆ, ದಾಖಲೆ ಬೇರೆ ಎಂದರು. ಹಾಗಾದರೆ ಈ ವರ್ಷ ಕರೆದು ಸನ್ಮಾನ ಮಾಡಿ ಎಂದರೆ, ಈ ವರ್ಷದ ಪಟ್ಟಿ ಭರ್ತಿಯಾಗಿದೆ ಎಂದರು. ಪಟ್ಟಿ ನೋಡಿದೆ. ಹೊಸದಾಗಿ ಬಾರ್ ತೆರೆದವರು ಇಬ್ಬರು ಇದ್ದರು.

"ನಮ್ಮ ಶಾಲು ಬೇಡ ಅಂದದ್ದು ಅವರೇ ಅಲ್ವಾ ಮಾರಾಯ್ರೆ?" ಎಂದರು ಅಧ್ಯಕ್ಷರು ಕೊನೆಗೆ. "ಈಗ ಗೊತ್ತಾಯಿತಲ್ಲ ಅದರ ಬೆಲೆ."

ಅಲ್ಲಿದ್ದ ಒಂಬತ್ತು ಮಂದಿಯೂ ನಕ್ಕರು. ಮೇಡಂ ಮೇಲಿನ ಹಳೆಯ ಸೇಡನ್ನು ಒಬ್ಬ ಹಮಾಲನ ಅನ್ನದ ಮೇಲೆ ತೀರಿಸಿಕೊಳ್ಳುತ್ತಿದ್ದಾರೆ ಅಂತ ಅವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವೋ, ಹೊಳೆದೂ ಸುಮ್ಮನಿದ್ದರೋ. ಎರಡನೆಯದೇ ಇರಬೇಕು, ದಡ್ಡರು ಯಾರೂ ಇರಲಿಲ್ಲ ಅಲ್ಲಿ.

ಸಂಘದ ಕಪಾಟಿನ ಒಂದು ಬೀಗದ ಕೈ ಮಹಿಳಾ ವಿಭಾಗದ್ದು, ತಟ್ಟೆ, ದೀಪ ಎಲ್ಲ ಅದರಲ್ಲೇ ಇಡುವುದರಿಂದ. ಲೆಟರ್‌ಹೆಡ್ಡೂ ಸೀಲೂ ಅದರ ಮೇಲಿನ ಖಾನೆಯಲ್ಲೇ ಇರುತ್ತವೆ. ಮರುದಿನ ಕಚೇರಿಗೆ ರಜೆ ಹಾಕಿ ಹೋದೆ. ಹಳೆಯ ಆಮಂತ್ರಣ ತೆಗೆದು ದಿನಾಂಕ ನೋಡಿಕೊಂಡೆ. ಹುಸೇನಪ್ಪ ಎಂಬವರು ಇಂಥ ದಿನ ನಮ್ಮ ವಾರ್ಷಿಕೋತ್ಸವದ ವೇದಿಕೆಯಲ್ಲಿ ಏಳು ಜನ ಸಂಗಡಿಗರೊಂದಿಗೆ ಇಪ್ಪತ್ತು ನಿಮಿಷ ಮೊಹರಂ ಪದಗಳನ್ನು ಹಾಡಿದ್ದನ್ನು ನಾನು ಕಣ್ಣಾರೆ ಕಂಡು ಕಿವಿಯಾರೆ ಕೇಳಿದ್ದೇನೆ ಅಂತ ಬರೆದೆ. ಒಂದಕ್ಷರ ಸುಳ್ಳಿಲ್ಲ. ಕೆಳಗೆ ನನ್ನ ಹೆಸರು, ಮಹಿಳಾ ವಿಭಾಗದ ಕಾರ್ಯಾಧ್ಯಕ್ಷೆ ಅಂತ ಬರೆದು ರುಜು ಹಾಕಿ ಸೀಲು ಒತ್ತಿದೆ. ಒಂದು ಸೀಲು ಓರೆಯಾಯಿತು, ಪಕ್ಕದಲ್ಲಿ ಇನ್ನೊಂದು ಒತ್ತಿದೆ. ಸಂಜೆಯೇ ಮೇಡಂ ಕೈಗೆ ತಲುಪಿಸಿದೆ.

ತಿಂಗಳೊಳಗೆ ವಿಷಯ ಹೊರಬಿತ್ತು. ಕಳ್ಳತನ ಅಂದರು. ನನ್ನನ್ನು ವಿಭಾಗದಿಂದ ತೆಗೆದರು, ಬೀಗದ ಕೈ ವಾಪಸು ತೆಗೆದುಕೊಂಡರು. ಮನೆಯಲ್ಲಿ ಗಂಡ, ನಿನಗ್ಯಾಕೆ ಬೇಕಿತ್ತು ಈ ಉಸಾಬರಿ ಅಂತ ಎರಡು ದಿನ ಮುಖ ಊದಿಸಿಕೊಂಡರು. ಅದೇ ಪ್ರಮಾಣಪತ್ರವನ್ನು ಹೋದ ತಿಂಗಳು ಸಂಘವೇ ಕೊಟ್ಟದ್ದು ಅಂತ ಮೈಕಿನಲ್ಲಿ ಹೇಳಿದ್ದಾರೆ. ಕಳ್ಳಮಾಲು ಈಗ ಅವರಿಗೆ ಭೂಷಣವಾಗಿದೆ.

ಹುಸೇನಪ್ಪನ ಮಾಸಾಶನ ಮಂಜೂರಾಗಲು ಮತ್ತೆ ಎಂಟು ತಿಂಗಳು ಹಿಡಿಯಿತು. ಆದೇಶ ಬಂತು, ಇನ್ನು ಊರಿಗೇ ಹೋಗಿಬಿಡುತ್ತಾನೆ ಅಂತ ತಿಳಿದಾಗ ಮೇಡಂ ನನ್ನನ್ನೂ ಕರೆದುಕೊಂಡು ಕಳಂಬೋಲಿಗೆ ಹೋದರು. ಭಾನುವಾರ ಬೆಳಿಗ್ಗೆ. ಅವನು ಗೋಡೌನಿನ ಹಿಂದಿನ ಶೆಡ್ಡಿನಲ್ಲಿ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದ. ಎದ್ದು ನಿಲ್ಲಲು ಹೋದ, ಬೆನ್ನು ಏಳಲಿಲ್ಲ. ಜತೆಯವರು ನಮಗೆ ಕುರ್ಚಿ ತಂದರು. ಮೇಡಂ ಕೂರಲಿಲ್ಲ. ಏನೋ ಬಾಯಿಪಾಠ ಒಪ್ಪಿಸಲು ಬಂದವರ ಹಾಗೆ ನಿಂತೇ ಕೇಳಿದರು.

"ಹುಸೇನಪ್ಪ, ಅವತ್ತ ಡೊಂಬಿವಲಿಯೊಳಗ ನಾ ಶಾಲು ಬ್ಯಾಡ ಅಂದೆ. ನಿನಗ ಬೇಕಾಗಿತ್ತೇನು?"

ಅವನು ಅಂಗಿಯೊಂದನ್ನು ಮಡಚಿ ಟ್ರಂಕಿನಲ್ಲಿಟ್ಟ.

"ಬೇಕಾಗಿತ್ತರೀ ಅಕ್ಕೋರ. ಊರಾಗ ನಾ ಇಲ್ಲಿ ಕಬ್ಬಿಣ ಹೊರತೀನಿ ಅಂತ ಅಷ್ಟ ಗೊತ್ತೈತಿ. ಹಾಡ್ತೀನಿ, ಮಂದಿ ಕುಂತು ಕೇಳ್ತಾರ ಅಂದ್ರ ಹೆಂಡ್ತಿ ಸೈತ ನಂಬೂದಿಲ್ಲ. ಹೊಚ್ಚಿಕೊಂಡು ಹೋಗಿದ್ದರ ನಂಬ್ತಿದ್ದಳು. ಈಗ ಆಕಿನೂ ಇಲ್ಲ."

ಮೇಡಂ ಮುಖ ಕಪ್ಪಾಯಿತು. ತಪ್ಪು ನಂದು ಅಂದರು, ಅಷ್ಟು ಜನ ಹಮಾಲರ ಎದುರಿಗೆ. ಅವನು ಗಾಬರಿಯಾಗಿ, ಹಂಗ್ಯಾಕ ಅಂತೀರಿ, ನೀವೊಬ್ಬರ ಕುಂತು ಪೂರಾ ಕೇಳಿದ್ರಿ, ಇರಲಿ ಬಿಡ್ರಿ ಅಂತ ಸಮಾಧಾನ ಮಾಡಿದ. ನಮಗೆ ಚಾ ತರಿಸಿದ. ಆ ಚಾ ಕುಡಿದು ಎದ್ದು ಬಂದೆವು.

ಬಸ್ಸಿನಲ್ಲಿ ಖಾರ್‌ಘರ್ ದಾಟಿದ ಮೇಲೆ ಮೇಡಂ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಅಂದರು.

"ಬೈಬೇಕಿತ್ತರೀ ಅವ ನನ್ನ. ಜನರ ಮುಖ ನೋಡೂದ ಕಲಸ್ತೀನಿ ಅಂತ ಮೂವತ್ತು ವರ್ಷ ಪಗಾರ ತಗೊಂಡೆ. ಅವನ ಮುಖ ಒಂದ್ಸಲ ನೋಡಲಿಲ್ಲ, ಅವನ್ನ ಒಂದ ಮಾತ ಕೇಳಲಿಲ್ಲ."

ಆಗ ನನಗೆ ತಡೆಯಲಾಗಲಿಲ್ಲ. ನಾನು ನೋಡಿದ್ದೆ ಮೇಡಂ ಅಂದೆ. ಅವತ್ತು ಮೆಟ್ಟಿಲ ಹತ್ತಿರ ಅವನು ಶಾಲು ನೋಡಿದ್ದು, ನನ್ನ ಮುಖ ನೋಡಿದ್ದು, ನಾನು ತಟ್ಟೆ ತೆಗೆದುಕೊಂಡು ಒಳಗೆ ಹೋದದ್ದು, ಎಲ್ಲ ಹೇಳಿದೆ.

ಮೇಡಂ ತಿರುಗಿದರು. ನೋಡಿ ಸುಮ್ಮನಿದ್ದಿರಾ ಅಂತ ಶುರು ಮಾಡಿದರು. ಕಣ್ಣಿದ್ದದ್ದು ನಿಮಗೆ, ಕೈಯಲ್ಲಿ ಶಾಲು ಇದ್ದದ್ದು ನಿಮಗೆ, ನನ್ನ ಕೈ ಸರಿಸಿ ಮೇಲೆ ಹೋಗಲು ಏನು ಧಾಡಿಯಾಗಿತ್ತು, ಪ್ರೊಫೆಸರ್ ಅಂದರೆ ದೇವರೇ, ನಾನು ತಪ್ಪು ಮಾಡಿದರೆ ಹೇಳುವವರು ಯಾರು ಹಾಗಾದರೆ? ಇಡೀ ಬಸ್ಸು ನಮ್ಮನ್ನೇ ನೋಡುತ್ತಿತ್ತು. ಕಂಡಕ್ಟರ್ ಮರಾಠಿಯಲ್ಲಿ, ಸಾವಕಾಶ ಬಾಯಿ, ಅಂದರೆ ಮೆಲ್ಲಗೆ ಅಮ್ಮ, ಅಂದ, ಅವನಿಗೂ ಎರಡು ಬಿತ್ತು. ವಾಶಿ ಬಂತು, ಹೋಯಿತು, ಅವರು ನಿಲ್ಲಿಸಲಿಲ್ಲ. ನಾನು ತಲೆ ತಗ್ಗಿಸಿ ಒಂದೊಂದು ಮಾತನ್ನೂ ಕೇಳಿಸಿಕೊಂಡೆ, ಒಂದೂ ಸುಳ್ಳಾಗಿರಲಿಲ್ಲ. ಐರೋಲಿಯಲ್ಲಿ ಇಳಿದು ಸ್ವಲ್ಪ ದೂರ ನಡೆದ ಮೇಲೆ ಅವರಿಗೆ ಉಸಿರು ಹತ್ತಿತು. ಒಂದು ಅಂಗಡಿಯ ಕಟ್ಟೆಯ ಮೇಲೆ ಕೂತರು. ನಾನು ನೀರು ತಂದುಕೊಟ್ಟೆ. ಕುಡಿದು, ಮತ್ತೆ ಹಿಂಗ ಸುಮ್ಮನ ಇರಬ್ಯಾಡ್ರಿ ಅಂದರು.

ಅವರು ಹೋಗಿ ಎರಡು ತಿಂಗಳಾಗುತ್ತಾ ಬಂತು. ಹೋದ ತಿಂಗಳು ಆ ಸಭೆಯಲ್ಲಿ ಕೈಮುಗಿದು ಕಳಿಸಿದಾಗ ನಾನು ಮತ್ತೆ ಸುಮ್ಮನೆ ಬಂದು ಕುರ್ಚಿಯಲ್ಲಿ ಕೂತೆ. ಈ ಸಲ ನನ್ನನ್ನು ಬೈಯಲು ಯಾರೂ ಇರಲಿಲ್ಲ.